ಸಹಿ ಹಾಕುವ ಮುನ್ನ ಕೇಳಿ

ಡೊಂಬಿವಲಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಮದುವೆ ಮಾತುಕತೆಗೆ ಕೂತಾಗ ಜಾತಕಕ್ಕಿಂತ ಮೊದಲೇ ಬರುವ ಪ್ರಶ್ನೆ ಒಂದಿದೆ: "ಹುಡುಗ ಪರ್ಮನೆಂಟಾ?" ಐರೋಲಿಯ ಮೈಂಡ್‌ಸ್ಪೇಸ್‌ನಲ್ಲೋ ಮಹಾಪೆಯಲ್ಲೋ ಕೆಲಸ, ಆದರೆ ಥರ್ಡ್ ಪಾರ್ಟಿ ಪೇರೋಲ್ ಎಂದರೆ ಎದುರಿನವರ ಮುಖ ಸಪ್ಪಗಾಗುತ್ತದೆ. ಈ ಪ್ರಶ್ನೆಗೆ ಹೆದರಿ ಎಷ್ಟೋ ಹುಡುಗರು, ಹುಡುಗಿಯರು ತಾವು ಕಾಂಟ್ರಾಕ್ಟ್ ಮೇಲಿರುವುದನ್ನೇ ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ. ತಲೆ ತಗ್ಗಿಸುವಂಥದ್ದು ಅದರಲ್ಲಿ ಏನೂ ಇಲ್ಲ.

ಕೇಳುವವರಿಗೆ ಕಲ್ಯಾಣದ ಪಕ್ಕದ ಮೋಹನೆಯನ್ನು ನೆನಪಿಸಿ. ಅಲ್ಲಿನ ಎನ್‌ಆರ್‌ಸಿ ರೇಯಾನ್ ಕಾರ್ಖಾನೆ ಸೇರಿದರೆ ಬದುಕು ದಡ ಮುಟ್ಟಿತು ಎನ್ನುತ್ತಿದ್ದ ಕಾಲವಿತ್ತು. 2009ರಲ್ಲಿ ಗೇಟಿಗೆ ಬೀಗ ಬಿತ್ತು. ಸಾವಿರಾರು ಕಾಯಂ ಕಾರ್ಮಿಕರು ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆದರು. ಥಾಣೆಯಲ್ಲಿ ದೊಡ್ಡ ಕ್ಯಾಂಪಸ್ ಇರುವ ಟಿಸಿಎಸ್ 2025ರ ಜುಲೈನಲ್ಲಿ ಸಿಬ್ಬಂದಿಯ ಶೇ. 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿತಲ್ಲ, ಅವರನ್ನೂ ಮನೆಯವರು ಪರ್ಮನೆಂಟ್ ಎಂದೇ ಹೇಳಿಕೊಂಡಿದ್ದರು.

ಹಾಗೆಂದು ಕಾಂಟ್ರಾಕ್ಟನ್ನು ಹೊಗಳಲು ನಾನು ಹೊರಟಿಲ್ಲ. ಅದರಲ್ಲಿ ಮೋಸಕ್ಕೆ ಜಾಗ ಹೆಚ್ಚು, ಆ ಜಾಗ ಇರುವುದು ನೀವು ಓದದೆ ಸಹಿ ಹಾಕಿದ ಕಾಗದದಲ್ಲಿ. ಕೆಲಸ ಕ್ಲೈಂಟಿನದು, ಸಂಬಳ ಆಳು ಒದಗಿಸುವ ವೆಂಡರಿನದು, ನಡುವೆ ಇನ್ನೊಬ್ಬ ಸಬ್‌ವೆಂಡರ್ ಇದ್ದರೂ ಇರಬಹುದು. ಪ್ರಾಜೆಕ್ಟ್ ಮುಗಿದ ಮರುದಿನ ಸಂಬಳ ಯಾರು ಕೊಡುತ್ತಾರೆ? ಕೇಳಿ. ನೀವು ಸಂಬಳದ ನೌಕರರೋ, ಕನ್ಸಲ್ಟೆಂಟೋ? ಕೇಳಿ. ಕನ್ಸಲ್ಟೆಂಟ್ ಎಂದು ಬರೆದುಕೊಂಡರೆ ಟಿಡಿಎಸ್ ಕಳೆದು ಉಳಿದದ್ದು ಕೈಗೆ ಬರುತ್ತದೆ, ಅಷ್ಟೆ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಕೈಗೆ ಬರುವ ಮೊತ್ತ ದಪ್ಪಗಿದೆ ಎಂದು ಹಿಗ್ಗುವ ಮೊದಲು ಲೆಕ್ಕ ಹಾಕಿ. 15,000 ರೂಪಾಯಿ ಮೂಲ ವೇತನಕ್ಕೆ ಶೇ. 12ರಂತೆ ಪಿಎಫ್‌ಗೆ ನಿಮ್ಮ ಪಾಲು 1,800, ಮಾಲೀಕರ ಪಾಲು 1,800, ವರ್ಷಕ್ಕೆ 43,200. ಸಂಬಳದ ನೌಕರರಾದರೂ, ಮೊದಲ ಕೆಲಸದಲ್ಲೇ ಮೂಲ ವೇತನ 15,000 ದಾಟಿದ್ದರೆ ನಿಮ್ಮನ್ನು ಪಿಎಫ್‌ನಿಂದ ಹೊರಗಿಡಲು ಕಾನೂನಿನಲ್ಲೇ ದಾರಿಯಿದೆ, ವೆಂಡರುಗಳಿಗೆ ಅದು ಬಾಯಿಪಾಠ. ಆದ್ದರಿಂದ "ನನಗೆ ಪಿಎಫ್ ಬೇಕು" ಎಂದು ಸೇರುವ ಮೊದಲೇ ಹೇಳಿಬಿಡಿ. ಮುರಿದುಕೊಂಡ ಹಣ ಖಾತೆಗೆ ಬಿತ್ತೋ ಇಲ್ಲವೋ ಎಂದು ತಿಂಗಳಿಗೊಮ್ಮೆ ನಿಮ್ಮ ಪಿಎಫ್ ಸಂಖ್ಯೆ ಯುಎಎನ್ ಹಾಕಿ ಮೊಬೈಲಿನಲ್ಲಿ ಪಾಸ್‌ಬುಕ್ ನೋಡಿ. ಥಾಣೆಯಿಂದ ಐರೋಲಿಗೆ ಹೋಗುವ ಲೋಕಲ್‌ನಲ್ಲಿ ನಿಂತೇ ಮುಗಿಸಬಹುದಾದ ಕೆಲಸ ಇದು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಸ್ವಲ್ಪ ನಿಮ್ಮ ಕಡೆ ವಾಲಿವೆ. ನೇಮಕಾತಿ ಪತ್ರ ಕಡ್ಡಾಯ. ಕಂಪನಿಯೇ ನಿಗದಿತ ಅವಧಿಗೆ ನೇರವಾಗಿ ನೇಮಿಸಿಕೊಂಡರೆ ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ವೆಂಡರ್ ಮೂಲಕ ಕ್ಲೈಂಟಿನ ಕಚೇರಿಗೆ ಹೋದ ಮಾತ್ರಕ್ಕೆ ಇದು ಸಿಗುವುದಿಲ್ಲ. ಎರಡೂ ಆಫರ್ ಕೈಯಲ್ಲಿದ್ದರೆ, ಸಂಬಳ ತುಸು ಕಡಿಮೆಯಾದರೂ ನೇರ ನೇಮಕವನ್ನೇ ಹಿಡಿಯಿರಿ.

ಒಬ್ಬರೇ ಕೇಳಲು ಅಳುಕೇ? ಒಬ್ಬರೇ ಕೇಳಬೇಡಿ! ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸ್ ಟ್ಯಾಕ್ಸಿ ಚಾಲಕರನ್ನೂ ಪಾಲಿಕೆ ಕಾರ್ಮಿಕರನ್ನೂ ಒಗ್ಗೂಡಿಸಿದ್ದು ಇದೇ ಮುಂಬಯಿಯಲ್ಲಿ. ಬೆಂಗಳೂರಿನ ಐಟಿ ನೌಕರರು 2017ರಲ್ಲಿ ಕೆಐಟಿಯು ಎಂಬ ಸಂಘ ಕಟ್ಟಿಕೊಂಡರು. ಪುಣೆಯಲ್ಲಿ ಐಟಿ ನೌಕರರದೇ ನೈಟ್ಸ್ ಎಂಬ ಸಂಘಟನೆ ಇದೆ. ಸಂಘಟನೆ ಎಂದರೆ ಬರೀ ಬಾವುಟ, ಘೋಷಣೆ ಎಂದು ಮೂಗು ಮುರಿಯುವವರು ಮುರಿಯಲಿ.

ನೀವು ಸಣ್ಣದಾಗಿಯೇ ಶುರು ಮಾಡಿ. ಡೊಂಬಿವಲಿಯಿಂದ ನವಿಮುಂಬಯಿಯವರೆಗೆ ನಮ್ಮ ಕನ್ನಡ ಸಂಘಗಳು ಯಕ್ಷಗಾನಕ್ಕೆ, ಅರಸಿನ ಕುಂಕುಮಕ್ಕೆ ಹಾಲ್ ಬುಕ್ ಮಾಡುತ್ತವೆ. ಒಂದು ಭಾನುವಾರ ಸಂಜೆ ಅದೇ ಹಾಲ್ ಕೇಳಿ ಪಡೆಯಿರಿ. ಎಲ್ಲರೂ ಆಫರ್ ಲೆಟರ್, ಪೇಸ್ಲಿಪ್ ತನ್ನಿ. ಸಾಲು ಸಾಲಾಗಿ ಓದಿ ಹೇಳಲು ನಿವೃತ್ತ ಬ್ಯಾಂಕ್ ಅಧಿಕಾರಿಗಳನ್ನು ಕರೆಯಿರಿ. ಅವರಿಗೆ ನಮ್ಮಲ್ಲಿ ಬರವಿಲ್ಲ, ಅವರಿಗೂ ಸಂಜೆ ಹೊತ್ತು ಹೋಗಬೇಕು. ಯಾವ ವೆಂಡರ್ ತಿಂಗಳು ಮುಗಿದ ಕೂಡಲೇ ಸಂಬಳ ಹಾಕುತ್ತಾನೆ, ಯಾರು ರಿಲೀವಿಂಗ್ ಲೆಟರ್‌ಗೆ ಸತಾಯಿಸುತ್ತಾರೆ, ಕೆಲಸ ಕೊಡಿಸಲು ಮುಂಗಡ ಕೇಳುವವರು ಯಾರು ಎಂಬುದೆಲ್ಲ ಇಪ್ಪತ್ತು ಜನ ಕೂತರೆ ಒಂದೇ ಗಂಟೆಯಲ್ಲಿ ಹೊರಗೆ ಬರುತ್ತದೆ. ಮುಂಗಡ ಕೇಳಿದವರ ಮೆಟ್ಟಿಲನ್ನಂತೂ ಯಾರೂ ಹತ್ತಬೇಡಿ.