ನಾಗಮಂಡಲ: ಬೀಗ ಹಾಕಿದ ಮನೆಯ ಪ್ರೇಮಕಥೆ

'ನಾಗಮಂಡಲ' 1997ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. ಗಿರೀಶ ಕಾರ್ನಾಡರ ಅದೇ ಹೆಸರಿನ ನಾಟಕ ಇದರ ಮೂಲ. ನಿರ್ದೇಶನ ಟಿ.ಎಸ್. ನಾಗಾಭರಣರದು, ನಿರ್ಮಾಣ ಶ್ರೀಹರಿ ಖೋಡೆಯವರದು, ಸಂಗೀತ ಸಿ. ಅಶ್ವತ್ಥ್ ಅವರದು. ಕನ್ನಡದ ತೆರೆಯ ಮೇಲೆ ಹಾವುಗಳಿಗೆ ಬರವಿಲ್ಲ. ಹಗೆ ತೀರಿಸಿಕೊಳ್ಳುವ ಹಾವು, ಭಕ್ತರನ್ನು ಕಾಯುವ ಹಾವು ಎರಡನ್ನೂ ಪ್ರೇಕ್ಷಕರು ಬಲ್ಲರು. 'ನಾಗಮಂಡಲ'ದ ನಾಗ ಇವೆರಡೂ ಅಲ್ಲ. ಅದು ಒಂಟಿ ಹೆಣ್ಣೊಬ್ಬಳನ್ನು ಮೆಚ್ಚಿ, ಅವಳ ಗಂಡನ ರೂಪದಲ್ಲೇ ಇರುಳಿರುಳು ಅವಳ ಬಳಿಗೆ ಬರುವ ಪ್ರೇಮಿ.

ಕಥೆಯ ಬೇರು ಜನಪದದಲ್ಲಿದೆ. ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿದ ಕವಿ, ವಿದ್ವಾಂಸ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳನ್ನು ಹೆಣೆದು ಕಾರ್ನಾಡರು ನಾಟಕ ಬರೆದರು. ಶಂಕರ್ ನಾಗ್ ಅದನ್ನು ಕನ್ನಡ ರಂಗಭೂಮಿಗೆ ತಂದರು. 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಗಥ್ರಿ ಥಿಯೇಟರ್ ಇಂಗ್ಲಿಷಿನಲ್ಲಿ ಪ್ರದರ್ಶಿಸಿತು. ಚಿತ್ರವಾಗುವ ಹೊತ್ತಿಗೆ ಕಥೆ ಹೀಗೆ ಅಜ್ಜಿಯರ ಬಾಯಿಂದ ಹೊರಟು ದೂರ ನಡೆದು ಬಂದಿತ್ತು.

ಕಥೆಯ ಹಂದರ ಸರಳ. ರಾಣಿ ಹೊಸದಾಗಿ ಗಂಡನ ಮನೆಗೆ ಬಂದವಳು. ಗಂಡ ಅಪ್ಪಣ್ಣ ಮಧ್ಯಾಹ್ನ ಬರುತ್ತಾನೆ, ಮಿಂದು ಉಂಡು, ಹೆಂಡತಿಯನ್ನು ಒಳಗೇ ಬಿಟ್ಟು ಬಾಗಿಲಿಗೆ ಬೀಗ ಜಡಿದು, ಇಟ್ಟುಕೊಂಡವಳ ಮನೆಗೆ ಹೋಗುತ್ತಾನೆ. ಅಪ್ಪಣ್ಣನ ತಾಯಿಯ ಗೆಳತಿಯಾಗಿದ್ದ ಕುರುಡವ್ವ ಮರುಕಪಟ್ಟು, ಗಂಡನಿಗೆ ಉಣಿಸಲೆಂದು ಒಂದು ಬೇರು ಕೊಡುತ್ತಾಳೆ. ಅದನ್ನು ಅರೆದು ಹಾಕಿದ ಸಾರು ರಕ್ತದಂತೆ ಕೆಂಪಾಗಿ ಕುದಿಯುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಒಳಗಿದ್ದ ನಾಗ ಅದನ್ನು ಕುಡಿದು ಅವಳಿಗೆ ಮನಸೋಲುತ್ತದೆ. ಅಂದಿನಿಂದ ಹಗಲಿಗೊಬ್ಬ, ಇರುಳಿಗೊಬ್ಬ. ಹಗಲಿನವನು ಮುಖ ಕೊಟ್ಟು ಮಾತಾಡುವುದಿಲ್ಲ. ಇರುಳಿನವನು ಅವಳ ತಲೆ ನೇವರಿಸಿ ಮಾತು ಕೇಳುತ್ತಾನೆ.

ಈ ಪ್ರೇಮದ ಹಿಂದಿರುವ ಹಸಿವು ದೇಹದ್ದಷ್ಟೇ ಅಲ್ಲ. ನಾಟಕದಲ್ಲಿ, ಒಬ್ಬಳೇ ಮಲಗುವ ರಾಣಿ ತನಗೆ ತಾನೇ ಕಥೆ ಹೇಳಿಕೊಳ್ಳುತ್ತಾಳೆ. ದೊಡ್ಡ ಹದ್ದೊಂದು ಬಂದು ತನ್ನನ್ನು ಏಳು ಸಮುದ್ರದಾಚೆಗೆ, ಅಪ್ಪ ಅಮ್ಮನಿದ್ದಲ್ಲಿಗೆ ಹೊತ್ತೊಯ್ಯುವುದಾಗಿ ಕನವರಿಸುತ್ತಾಳೆ. ಚಿತ್ರದಲ್ಲಿ ಈ ಒಂಟಿತನವನ್ನು ಹಾಡು ಹೊರುತ್ತದೆ. ಗಂಡನ ಮನಸ್ಸು ಏನೆಂದು ಕೇಳಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಹುಡುಗಿ ಕಂಬದ ಮೇಲಿನ ಗೊಂಬೆಯನ್ನೇ ಮಾತಾಡಿಸುತ್ತಾಳೆ. ಉತ್ತರ ಬಾರದೆಂದು ಗೊತ್ತಿದ್ದೂ ಕೇಳುತ್ತಾಳೆ. ಆ ಮನೆಗೆ ನಾಗ ಬಂದಾಗ ಮೊದಲು ಸಿಕ್ಕಿದ್ದು ಸುಖವಲ್ಲ, ತಿರುಗಿ ಮಾತಾಡುವ ಒಂದು ಜೀವ. ಹಾವು ಮನುಷ್ಯನಾದದ್ದನ್ನು ನೋಡುಗರು ತಕರಾರಿಲ್ಲದೆ ಒಪ್ಪುವುದು ಇದರಿಂದಲೇ. ಗಂಡನಾದವನು ಗಂಡನಾಗದಿದ್ದುದು ಅದಕ್ಕಿಂತ ದೊಡ್ಡ ವಿಚಿತ್ರವಾಗಿ ಕಾಣುತ್ತದೆ.

ಅಪ್ಪಣ್ಣ ಮತ್ತು ನಾಗ, ಎರಡೂ ಪಾತ್ರಗಳಲ್ಲಿ ಪ್ರಕಾಶ್ ರೈ ಅಭಿನಯಿಸಿದ್ದಾರೆ. ಇಬ್ಬರಿಗೂ ಮುಖ ಒಂದೇ ಆದ್ದರಿಂದ ವ್ಯತ್ಯಾಸ ದನಿಯಲ್ಲಿ, ನೋಟದಲ್ಲಿ, ಹೆಂಡತಿಯ ಹತ್ತಿರ ಕೂರುವ ರೀತಿಯಲ್ಲಿ ತೋರಬೇಕು. ರಾಣಿಯಾಗಿ ವಿಜಯಲಕ್ಷ್ಮಿ ಅವರಿಗೆ ಇದು ಮೊದಲ ಚಿತ್ರ. ಕುರುಡವ್ವನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಇದ್ದಾರೆ. ಹೆಸರಿನಲ್ಲೇ ಊರನ್ನು ಹೊತ್ತ ಮಂಡ್ಯ ರಮೇಶ್ ಕೂಡ ತಾರಾಗಣದಲ್ಲಿದ್ದಾರೆ. ಮುಂದೆ ಮೈಸೂರಿನಲ್ಲಿ 'ನಟನ' ರಂಗಸಂಸ್ಥೆಯನ್ನು ಕಟ್ಟಿದವರು ಅವರೇ. ನಾಗಾಭರಣರ ಚಿತ್ರಗಳಿಗೂ ಮಂಡ್ಯಕ್ಕೂ ಇನ್ನೊಂದು ನಂಟಿದೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು ಆಧರಿಸಿದ 'ಮೈಸೂರು ಮಲ್ಲಿಗೆ'ಯನ್ನು ನಿರ್ದೇಶಿಸಿದವರೂ ಅವರೇ. ಅಲ್ಲಿ ಗಂಡ ಹೆಂಡಿರ ನಡುವೆ ತುಂಬಿ ಹರಿದ ಒಲವು 'ನಾಗಮಂಡಲ'ದ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಹನಿಯೂ ಸಿಗುವುದಿಲ್ಲ.

ಇರುಳಿನ ಗಂಡ ಯಾರೆಂಬುದು ರಾಣಿಗೆ ಗೊತ್ತಿತ್ತೇ ಎಂಬುದು ಕಥೆಯ ಸೂಕ್ಷ್ಮ ಪ್ರಶ್ನೆ. ನಾಟಕ ಒಂದೊಂದೇ ಸುಳಿವು ಕೊಡುತ್ತ ಹೋಗುತ್ತದೆ. ಅವನ ಕೈ ತಣ್ಣಗಿರುತ್ತದೆ. ಮನೆ ಕಾಯಲು ತಂದ ಮುಂಗುಸಿ ಸತ್ತು ಬಿದ್ದ ಮೇಲೆ ಹಲವು ದಿನ ಅವನ ಸುಳಿವಿಲ್ಲ. ಮರಳಿ ಬಂದಾಗ ಮೈತುಂಬ ಗಾಯ, ಆದರೆ ಹಗಲು ಬಂದ ಗಂಡನ ಮೈಮೇಲೆ ಒಂದು ಗೀರೂ ಇಲ್ಲ. ಕನ್ನಡಿಯಲ್ಲಿ ಅವನಿರಬೇಕಾದ ಜಾಗದಲ್ಲಿ ಹಾವು ಕಂಡು ಅವಳು ಬೆಚ್ಚುತ್ತಾಳೆ. ಆದರೂ ಕೆದಕಿ ಕೇಳುವುದಿಲ್ಲ. ಪ್ರಶ್ನೆ ಕೇಳಬಾರದೆಂಬುದು ಅವನ ಕಟ್ಟಳೆ. ಉತ್ತರ ಸಿಕ್ಕರೆ ಮಾತಿನ ಜೊತೆ ತಪ್ಪಿಹೋದೀತೆಂಬ ಅಂಜಿಕೆ ಅವಳದು.

ರಾಣಿ ಬಸುರಿಯಾದಾಗ ಗುಟ್ಟು ಬೀದಿಗೆ ಬರುತ್ತದೆ. ತಾನು ಮುಟ್ಟದ ಹೆಂಡತಿ ಬಸುರಾದಳೆಂದು ಅಪ್ಪಣ್ಣ ಪಂಚಾಯಿತಿ ಸೇರಿಸುತ್ತಾನೆ. ರಾಣಿ ಹುತ್ತಕ್ಕೆ ಕೈಹಾಕಿ ನಾಗರವನ್ನು ಹಿಡಿದು, ಗಂಡನನ್ನೂ ಈ ನಾಗರವನ್ನೂ ಬಿಟ್ಟು ಬೇರಾವ ಗಂಡನ್ನೂ ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ಮಾತು ಅಕ್ಷರಶಃ ನಿಜ. ನಾಗರ ಅವಳ ತಲೆಯ ಮೇಲೆ ಹೆಡೆ ಬಿಚ್ಚುತ್ತದೆ. ಜರೆಯಲು ನೆರೆದಿದ್ದ ಊರು ಅವಳನ್ನು ದೇವಿಯೆಂದು ಕಾಲಿಗೆ ಬೀಳುತ್ತದೆ. ಅಂದಿನಿಂದ ಅಪ್ಪಣ್ಣ ಸರಿಯಾದ ಗಂಡನಾಗುತ್ತಾನೆ, ನಾಗ ಒಂಟಿಯಾಗುತ್ತದೆ.

ನಾಟಕದ ಕೊನೆಯಲ್ಲಿ ದುಃಖ ನಾಗದ ಪಾಲಿಗೆ ಬರುತ್ತದೆ. ಗಂಡ, ಮಗುವಿನೊಡನೆ ನಿದ್ದೆ ಹೋದ ರಾಣಿಯನ್ನು ನೋಡಿ, ಅವಳ ಜಡೆಯಲ್ಲೇ ಸುತ್ತಿಕೊಂಡು ಅದು ಪ್ರಾಣ ಬಿಡುತ್ತದೆ. ತಲೆ ಬಾಚುವಾಗ ಸತ್ತ ನಾಗರ ಕೆಳಗೆ ಬೀಳುತ್ತದೆ. ರಾಣಿ ಗಂಡನಲ್ಲಿ ಕೇಳುವುದು ಒಂದೇ: ಇದಕ್ಕೆ ವಿಧಿಪ್ರಕಾರ ಸಂಸ್ಕಾರವಾಗಬೇಕು, ತಮ್ಮ ಮಗನೇ ಬೆಂಕಿ ಇಡಬೇಕು, ವರ್ಷವರ್ಷವೂ ಅವನೇ ತಿಥಿ ಮಾಡಬೇಕು. ಕಾರ್ನಾಡರು ಇನ್ನೊಂದು ಮುಗಿತಾಯವನ್ನೂ ಕೊಟ್ಟಿದ್ದಾರೆ. ಅದರಲ್ಲಿ ನಾಗ ಸಾಯದೆ ರಾಣಿಯ ಕೂದಲಲ್ಲೇ ಉಳಿಯುತ್ತದೆ.

ರಾಣಿಯ ಈ ಬೇಡಿಕೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಚಿತ್ರದ ಮಾತು ಉತ್ತರ ಕರ್ನಾಟಕದ್ದು, ನಂಬಿಕೆ ಮಾತ್ರ ಇಲ್ಲಿಯದೂ ಹೌದು. ಅರಳಿಕಟ್ಟೆಯ ನಾಗರಕಲ್ಲಿಗೆ ಅರಿಸಿನ ಕುಂಕುಮ ಹಚ್ಚುವುದು, ಹಬ್ಬದ ದಿನ ಹುತ್ತಕ್ಕೆ ತನಿ ಎರೆಯುವುದು ಇಲ್ಲಿನ ಹೆಂಗಸರಿಗೆ ರೂಢಿ. ಸತ್ತ ನಾಗರವನ್ನು ಮನುಷ್ಯರಂತೆ ಸುಟ್ಟು ಹಾಲು ತುಪ್ಪ ಬಿಡುವ ವಾಡಿಕೆಯನ್ನೂ ಹಳ್ಳಿಯವರು ಬಲ್ಲರು. ಕಾರ್ನಾಡರ ಜಾಣ್ಮೆ ಇರುವುದು ಈ ವಾಡಿಕೆಯನ್ನು ಬಳಸಿಕೊಂಡ ಕಡೆ. ಊರಿನ ಮುಂದೆ ಬಾಯಿ ಬಿಟ್ಟು ಅಳಲಾಗದ ಪ್ರೇಮಕ್ಕೆ ಊರೇ ಒಪ್ಪಿದ ಶಾಸ್ತ್ರದೊಳಗೆ ಅಳುವ ದಾರಿ ಸಿಗುತ್ತದೆ. ಅಪ್ಪಣ್ಣನಿಗೆ ಅದು ನಾಗದೋಷದ ಪರಿಹಾರ, ರಾಣಿಗೆ ಅದು ಸತ್ತ ಪ್ರಿಯನ ಕರ್ಮ.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಪಾತ್ರಧಾರಿಗಳಾಗಿಸಿ ರಾಮ್ ರೆಡ್ಡಿ ನಿರ್ದೇಶಿಸಿದ 'ತಿಥಿ' ಚಿತ್ರವನ್ನು ಇದರ ಪಕ್ಕಕ್ಕಿಟ್ಟು ನೋಡಬಹುದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಆ ಚಿತ್ರದಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡನ ತಿಥಿಗೆ ಊರಿಗೆ ಊರೇ ಸೇರುತ್ತದೆ. ಬಾಡೂಟದ ಗದ್ದಲವಿದೆ, ಜಮೀನಿನ ಲೆಕ್ಕಾಚಾರವಿದೆ, ಕಣ್ಣೀರು ಕಾಣುವುದೇ ಅಪರೂಪ. 'ನಾಗಮಂಡಲ'ದ ತಿಥಿಯಲ್ಲಿ ಸತ್ತದ್ದು ಹಾವು, ದುಃಖ ಒಬ್ಬಳದೇ, ಆದರೆ ನಿಜವಾದದ್ದು. ಸಾವಿನ ಶಾಸ್ತ್ರ ದುಃಖವಿಲ್ಲದೆಯೂ ನಡೆಯುತ್ತದೆ, ದುಃಖ ಶಾಸ್ತ್ರದ ಮರೆಯಲ್ಲಿಯೂ ಬದುಕುತ್ತದೆ ಎಂಬುದನ್ನು ಎರಡೂ ಕಥೆಗಳು ಸೇರಿ ತೋರಿಸುತ್ತವೆ.

ಗಂಡನ ರೂಪದಲ್ಲಿ ಬರುವ ಪ್ರಿಯನ ಕಥೆ ಬೇರೆಡೆಯೂ ಇದೆ. ರಾಜಸ್ಥಾನದ ವಿಜಯದಾನ್ ದೇಥಾ ಅವರ ಕಥೆಯಲ್ಲಿ ಹೆಂಡತಿಯನ್ನು ಬಿಟ್ಟು ವ್ಯಾಪಾರಕ್ಕೆ ಹೋದ ಗಂಡನ ರೂಪದಲ್ಲಿ ಭೂತವೊಂದು ಮನೆಗೆ ಬರುತ್ತದೆ. ಮಣಿ ಕೌಲ್ ಅದನ್ನು 1973ರಲ್ಲಿ 'ದುವಿಧಾ' ಚಿತ್ರವಾಗಿಸಿದರು. 2005ರ ಹಿಂದಿ ಚಿತ್ರ 'ಪಹೇಲಿ'ಯೂ ಅದೇ ಕಥೆ. ದೇಥಾರ ಭೂತ ತಾನು ಯಾರೆಂದು ಹೆಣ್ಣಿಗೆ ಮೊದಲೇ ಹೇಳಿಬಿಡುತ್ತದೆ, ಅವಳು ತಿಳಿದೇ ಒಪ್ಪುತ್ತಾಳೆ. 'ನಾಗಮಂಡಲ'ದ ನಾಗ ಬಾಯಿ ಬಿಡುವುದಿಲ್ಲ. ಹಾಗಾಗಿ ತಿಳಿದೂ ತಿಳಿಯದಂತಿರುವ ಭಾರ ರಾಣಿಯ ಮೇಲೆ ಬೀಳುತ್ತದೆ, ಕಥೆಯ ಬಿಗಿಯೆಲ್ಲ ಅಲ್ಲಿಂದ ಹುಟ್ಟುತ್ತದೆ.

ಅತಿಮಾನುಷ ಕಥೆಗಳನ್ನು ಸಾಮಾನ್ಯವಾಗಿ ಅಚ್ಚರಿಯಿಂದ, ಅಂಜಿಕೆಯಿಂದ ಅಳೆಯುತ್ತಾರೆ. 'ನಾಗಮಂಡಲ'ದಲ್ಲಿ ಅತಿಮಾನುಷವಾದದ್ದು ಸಂಸಾರವೊಂದರ ಕೊರತೆಯನ್ನು ತೋರಿಸುವ ಸಾಧನ. ಹಾವಿನಿಂದ ಸಾಧ್ಯವಾದ ಅಕ್ಕರೆ ಮನುಷ್ಯನಿಂದ ಏಕಾಗಲಿಲ್ಲ ಎಂಬ ಪ್ರಶ್ನೆಯನ್ನು ಕಥೆ ಎತ್ತುತ್ತದೆ. ಅಪ್ಪಣ್ಣ ಬದಲಾದದ್ದು ಹೆಂಡತಿಯ ನೋವನ್ನು ಅರಿತಲ್ಲ, ಊರು ಅವಳನ್ನು ದೇವಿಯೆಂದ ಮೇಲೆ. ದೇವಿಯಾಗದ ಸಾಧಾರಣ ಹೆಣ್ಣಿಗೆ ಆ ಮನೆಯಲ್ಲಿ ಅದೇ ಮರ್ಯಾದೆ ಸಿಗುತ್ತಿತ್ತೇ ಎಂಬುದಕ್ಕೆ ಕಥೆಯಲ್ಲಿ ಭರವಸೆಯ ಉತ್ತರವಿಲ್ಲ.