ಬೂಟು ಉಜ್ಜಿಕೊಂಡು ಹೋಗುವ ದ್ವೀಪ

ಮಕ್ಕಳೇ, ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಬಂದರಿನಿಂದ ಟಿರಿಟಿರಿ ಮಟಾಂಗಿ ಎಂಬ ಪುಟ್ಟ ದ್ವೀಪಕ್ಕೆ ಫೆರಿ ಹೋಗುತ್ತದೆ. ಅದನ್ನು ಹತ್ತುವ ಮೊದಲು ದೊಡ್ಡವರು ಚಿಕ್ಕವರು ಎಲ್ಲರೂ ಒಂದು ಕೆಲಸ ಮಾಡಬೇಕು. ಬೂಟಿನ ತಳಕ್ಕೆ ಅಂಟಿದ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಸಾಕ್ಸಿಗೆ ಹುಲ್ಲಿನ ಬೀಜ ಚುಚ್ಚಿಕೊಂಡಿದ್ದರೆ ಒಂದೊಂದಾಗಿ ಕೀಳಬೇಕು. ಊಟದ ಚೀಲ ಬಿಚ್ಚಿ, ಒಳಗೆ ಇರುವೆಯೋ ಹಲ್ಲಿಯೋ ಇಲಿಯೋ ಅಡಗಿ ಕುಳಿತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಚೀಲದಲ್ಲಿ ಇಲಿ ಎಲ್ಲಿಂದ ಬಂತು ಎಂದು ನೀವು ನಗಬಹುದು. ರಾತ್ರಿಯೆಲ್ಲ ಮನೆಯ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದ ಚೀಲ, ಒಳಗೆ ತಿಂಡಿಯ ವಾಸನೆ. ಇಲಿಗೆ ಇನ್ನೇನು ಬೇಕು?

ಫೆರಿಯಲ್ಲಿ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತಿನ ಪಯಣ. ದ್ವೀಪದ ವಿಸ್ತೀರ್ಣ 220 ಹೆಕ್ಟೇರ್, ಅಂದರೆ ಸುಮಾರು 540 ಎಕರೆ. ಅಲ್ಲಿ ಹೋಟೆಲು ಇಲ್ಲ, ನಾಯಿ ಕರೆದೊಯ್ಯುವಂತಿಲ್ಲ. ಬುತ್ತಿ ನೀವೇ ಒಯ್ಯಬೇಕು, ಕಸವನ್ನು ಮರಳಿ ತರಬೇಕು. ಗುಡ್ಡದ ಮೇಲೆ 1865ರಿಂದ ಬೆಳಗುತ್ತಿರುವ ಒಂದು ದೀಪಸ್ತಂಭವಿದೆ. ಸಮುದ್ರದ ಬದಿಯ ದಾರಿಯಲ್ಲಿ ಮರದ ಪೆಟ್ಟಿಗೆಗಳನ್ನು ಹೂತಿಟ್ಟಿದ್ದಾರೆ. ಮುಚ್ಚಳ ಮೆಲ್ಲಗೆ ಎತ್ತಿದರೆ ಕೆಳಗೆ ಗಾಜು, ಗಾಜಿನಡಿ ಕೆಲವೊಮ್ಮೆ ಒಂದು ನೀಲಿ ಪೆಂಗ್ವಿನ್! ಲೋಕದ ಎಲ್ಲ ಪೆಂಗ್ವಿನ್‌ಗಳಲ್ಲಿ ಇದೇ ಅತಿ ಚಿಕ್ಕದು, ತೂಕ ಸುಮಾರು ಒಂದು ಕಿಲೋ. ನೋಡಿ, ಸದ್ದಿಲ್ಲದೆ ಮುಚ್ಚಿಬಿಡಬೇಕು.

ಇಲ್ಲಿ ವಾಹನಗಳ ಗದ್ದಲವಿಲ್ಲ. ಹಾಗೆಂದು ಈ ಕಾಡು ಸುಮ್ಮನಿರುವುದಿಲ್ಲ, ಹಕ್ಕಿಗಳ ಕೂಗಿನಿಂದ ತುಂಬಿರುತ್ತದೆ. 1770ರ ಜನವರಿಯಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ನ್ಯೂಜಿಲೆಂಡಿನ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿತ್ತು. ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್, ದಡದ ಕಾಡಿನಿಂದ ಬಂದ ಹಕ್ಕಿಗಳ ಹಾಡಿಗೆ ನಿದ್ದೆಯಿಂದ ಎಚ್ಚರಗೊಂಡೆನೆಂದು ತನ್ನ ದಿನಚರಿಯಲ್ಲಿ ಬರೆದುಕೊಂಡ. ಆಮೇಲಿನ ಇನ್ನೂರು ವರ್ಷಗಳಲ್ಲಿ ಆ ದೇಶದ ಬಹುತೇಕ ಕಾಡುಗಳಲ್ಲಿ ಆ ಹಾಡು ಅಡಗುತ್ತ ಹೋಯಿತು. ಹೇಗೆ ಅಡಗಿತು ಎಂಬುದು ಗೊತ್ತಾದರೆ ಬೂಟು ಏಕೆ ಉಜ್ಜಬೇಕು ಎಂಬುದೂ ಗೊತ್ತಾಗುತ್ತದೆ.

ಮೊದಲು ಒಂದು ಹಕ್ಕಿಯನ್ನು ಪರಿಚಯ ಮಾಡಿಕೊಳ್ಳೋಣ. ಅದರ ಹೆಸರು ಟಕಾಹೆ. ನಮ್ಮ ಕೆರೆಗಳ ಜೊಂಡಿನಲ್ಲಿ ಓಡಾಡುವ ನೇರಳೆ ಜಂಬುಕೋಳಿಯನ್ನು ನೀವು ನೋಡಿರಬಹುದು: ನೀಲಿ-ನೇರಳೆ ಮೈ, ಕೆಂಪು ಕೊಕ್ಕು, ಹಣೆಯ ಮೇಲೆ ಕೆಂಪು ಪಟ್ಟಿ, ಉದ್ದ ಕಾಲು. ಟಕಾಹೆ ಅದರದೇ ಕುಲದ್ದು. ಬಣ್ಣವೂ ಹೆಚ್ಚುಕಡಿಮೆ ಹಾಗೆಯೇ, ಬೆನ್ನು ಮಾತ್ರ ಹಸಿರು. ಜೊಂಡಿನ ದಂಟನ್ನು ಒಂದು ಕಾಲಿನಲ್ಲಿ ಹಿಡಿದೆತ್ತಿ ಕಚ್ಚಿ ತಿನ್ನುವುದು ನಮ್ಮ ಜಂಬುಕೋಳಿಯ ಅಭ್ಯಾಸ. ಟಕಾಹೆಯೂ ಹುಲ್ಲನ್ನು ಹಾಗೆಯೇ ಹಿಡಿದು ತಿನ್ನುತ್ತದೆ. ಆದರೆ ನಮ್ಮದು ಒಂದು ಕಿಲೋದಷ್ಟು ತೂಗಿದರೆ ಟಕಾಹೆ ಸುಮಾರು ಮೂರು ಕಿಲೋ. ನಮ್ಮದು ಬೆದರಿದರೆ ಕಾಲು ಜೋತುಬಿಟ್ಟುಕೊಂಡು ಹಾರಿಬಿಡುತ್ತದೆ. ಟಕಾಹೆಗೆ ಹಾರಲು ಬಾರದು. ರೆಕ್ಕೆಗಳಿವೆ, ಆದರೆ ಅವು ಅಷ್ಟು ದೊಡ್ಡ ಮೈಯನ್ನು ಎತ್ತಲಾರವು.

ಒಂದೇ ಕುಲದ ಹಕ್ಕಿಗಳಲ್ಲಿ ಒಂದು ಹಾರುತ್ತದೆ, ಇನ್ನೊಂದು ಹಾರುವುದಿಲ್ಲ. ಏಕೆ?

ಹಾರುವುದಕ್ಕೆ ಬಹಳ ಶಕ್ತಿ ಬೇಕು. ಪಾರಿವಾಳದ ಮೈತೂಕದಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು ಎದೆಯ ಹಾರಾಟದ ಸ್ನಾಯುಗಳದೇ. ಅವು ಅಂಟಿಕೊಳ್ಳಲು ಎದೆಮೂಳೆಯ ನಡುವೆ ಏಣಿನ ಹಾಗೆ ಒಂದು ಭಾಗ ಎದ್ದು ನಿಂತಿರುತ್ತದೆ. ಈ ಸ್ನಾಯುಗಳನ್ನು ಬೆಳೆಸಿ ಸಾಕಲು ದಿನವೂ ಆಹಾರ ಬೇಕು. ನೆಲದ ಮೇಲೆ ಬೆಕ್ಕು, ನರಿ, ಮುಂಗುಸಿ ಇರುವ ಊರಿನಲ್ಲಿ ಈ ಖರ್ಚು ಮಾಡಲೇಬೇಕು, ಇಲ್ಲವಾದರೆ ಜೀವವೇ ಉಳಿಯದು. ನ್ಯೂಜಿಲೆಂಡ್ ಸುಮಾರು 8 ಕೋಟಿ ವರ್ಷಗಳ ಹಿಂದೆ ದಕ್ಷಿಣದ ಮಹಾಖಂಡದಿಂದ ಕಿತ್ತುಕೊಂಡು ದೂರ ಸರಿದ ನೆಲ. ಸುಮಾರು 700 ವರ್ಷಗಳ ಹಿಂದೆ ಮನುಷ್ಯ ಅಲ್ಲಿ ಮೊದಲು ಕಾಲಿಟ್ಟಾಗ ಒಳನಾಡಿನಲ್ಲಿದ್ದ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಬೆಕ್ಕಿಲ್ಲ, ನರಿಯಿಲ್ಲ, ಇಲಿಯೂ ಇಲ್ಲ! ಅಂಥ ಕಡೆ ರೆಕ್ಕೆ ತುಸು ಚಿಕ್ಕದಾಗಿ ಹುಟ್ಟಿದ ಹಕ್ಕಿಗೆ ನಷ್ಟವೇನೂ ಆಗಲಿಲ್ಲ. ಸ್ನಾಯುವಿಗೆ ಹೋಗಬೇಕಿದ್ದ ಆಹಾರ ಉಳಿಯಿತು, ಅದರಿಂದ ಮರಿಗಳು ಚೆನ್ನಾಗಿ ಬೆಳೆದವು. ಅವುಗಳಲ್ಲೂ ಚಿಕ್ಕ ರೆಕ್ಕೆಯವು ಹೆಚ್ಚು ಉಳಿದವು. ಹೀಗೆ ಸಾವಿರಾರು ತಲೆಮಾರು ಕಳೆಯಿತು. ಯಾವ ಹಕ್ಕಿಯೂ ಇನ್ನು ಮೇಲೆ ಹಾರುವುದಿಲ್ಲ ಎಂದು ತೀರ್ಮಾನಿಸಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಆದ ಬದಲಾವಣೆ ಅದು.

ಹಾಗಾದರೆ ಅವುಗಳಿಗೆ ಶತ್ರುಗಳೇ ಇರಲಿಲ್ಲವೆ? ಇದ್ದರು, ಆಕಾಶದಲ್ಲಿ. ಹದ್ದು, ಗಿಡುಗಗಳು ಮೇಲಿನಿಂದ ಕಣ್ಣಿಟ್ಟು ಹುಡುಕುತ್ತಿದ್ದವು. ಕಣ್ಣಿನಿಂದ ಬೇಟೆಯಾಡುವವನಿಗೆ ಅಲ್ಲಾಡುವುದು ಬೇಗ ಕಾಣುತ್ತದೆ. ಆದ್ದರಿಂದ ಅಲ್ಲಿನ ಹಲವು ಹಕ್ಕಿಗಳು ಅಪಾಯ ಬಂದಾಗ ಓಡದೆ, ಉಸಿರು ಬಿಗಿಹಿಡಿದಂತೆ ನಿಂತುಬಿಡುತ್ತವೆ. ಹದ್ದಿನ ಎದುರು ಒಳ್ಳೆಯ ಉಪಾಯ. ಆದರೆ ಮನುಷ್ಯರ ಜೊತೆ ಬಂದ ಇಲಿ, ಬೆಕ್ಕು, ಮತ್ತು ಮೊಲಗಳನ್ನು ಹಿಡಿಯಲೆಂದು 1880ರ ದಶಕದಲ್ಲಿ ತಂದು ಬಿಟ್ಟ ಸ್ಟೋಟ್ ಎಂಬ ಕಿರುಪ್ರಾಣಿ ಮೂಗಿನಿಂದಲೂ ಬೇಟೆಯಾಡುತ್ತವೆ. ಅಲ್ಲಾಡದೆ ನಿಂತರೆ ವಾಸನೆ ನಿಲ್ಲುತ್ತದೆಯೇ? ನೆಲದ ಗೂಡು, ಮರದ ಪೊಟರೆ, ಒಳಗಿನ ಮೊಟ್ಟೆ, ಮೊಟ್ಟೆಯ ಮೇಲೆ ಕುಳಿತ ತಾಯಿ ಎಲ್ಲವೂ ಅವುಗಳ ಪಾಲಾದವು. ಇಲಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಹಸಿದಾಗ ಇಲಿ ಮಾಡುವ ಕೆಲಸವನ್ನೇ ಅದು ಮಾಡಿತು. ಅದನ್ನು ಅಲ್ಲಿಗೆ ಹೊತ್ತು ತಂದವರು ನಾವು, ಮನುಷ್ಯರು.

ಟಕಾಹೆ ಭೂಮಿಯಿಂದಲೇ ಮಾಯವಾಯಿತೆಂದು ಎಲ್ಲರೂ ನಂಬಿದ್ದರು. 1948ರ ನವೆಂಬರಿನಲ್ಲಿ ಜೆಫ್ರಿ ಆರ್ಬೆಲ್ ಎಂಬ ವೈದ್ಯರು ದಕ್ಷಿಣ ದ್ವೀಪದ ಮರ್ಚಿಸನ್ ಬೆಟ್ಟಗಳಲ್ಲಿ ಹುಡುಕಿ ಹುಡುಕಿ ಅದನ್ನು ಮತ್ತೆ ಕಂಡರು. ಜನ ಸುಳಿಯದ ಎತ್ತರದ ಹುಲ್ಲುಗಾವಲಿನಲ್ಲಿ ಕೆಲವೇ ಹಕ್ಕಿಗಳು ಉಳಿದುಕೊಂಡಿದ್ದವು. ಇಂದು ದೇಶದಲ್ಲಿ ಅವುಗಳ ಸಂಖ್ಯೆ 500ರ ಆಸುಪಾಸಿಗೆ ಬಂದಿದೆ. ಟಿರಿಟಿರಿಯಲ್ಲಿ 1991ರಿಂದ ಅವುಗಳ ಸಂಸಾರ ಇದೆ. ದೀಪಸ್ತಂಭದ ಹತ್ತಿರದ ಹುಲ್ಲಿನಲ್ಲಿ ಜನರ ನಡುವೆಯೇ ಮೇಯುತ್ತವೆ.

ಈಗ ಒಂದು ಇಲಿಯ ಕಥೆ. ಇದು ನಿಜವಾಗಿ ನಡೆದದ್ದು, ಟಿರಿಟಿರಿ ಇರುವ ಅದೇ ಹೌರಾಕಿ ಕೊಲ್ಲಿಯಲ್ಲಿ. ದ್ವೀಪಕ್ಕೆ ಒಂದೇ ಒಂದು ಇಲಿ ಬಂದರೆ ಅದನ್ನು ಹಿಡಿಯುವುದು ಎಷ್ಟು ಕಷ್ಟ? ಆಕ್ಲೆಂಡ್ ವಿಶ್ವವಿದ್ಯಾಲಯದ ಜೇಮ್ಸ್ ರಸೆಲ್ ಮತ್ತು ಜೊತೆಗಾರರಿಗೆ ಇದನ್ನು ತಿಳಿಯಬೇಕಿತ್ತು. 2004ರಲ್ಲಿ ಅವರು ಒಂದು ಗಂಡು ಇಲಿಯ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಇಲಿಗಳಿಲ್ಲದ ಪುಟ್ಟ ದ್ವೀಪವೊಂದರಲ್ಲಿ ಬಿಟ್ಟರು. ಬೋನಿಟ್ಟರು, ತಿಂಡಿಯ ಆಸೆ ತೋರಿಸಿದರು, ನಾಯಿಗಳನ್ನೂ ತಂದರು. ಊಹೂಂ. ಇಲಿ ಸಿಗಲಿಲ್ಲ. ಕೊನೆಗೆ ಅದು ತೆರೆದ ಸಮುದ್ರದಲ್ಲಿ 400 ಮೀಟರ್ ಈಜಿ ಪಕ್ಕದ ದ್ವೀಪಕ್ಕೆ ಹೋಗಿಬಿಟ್ಟಿತು! ಬಿಟ್ಟ ದಿನದಿಂದ 18 ವಾರಗಳಾದ ಮೇಲೆ, ಪೆಂಗ್ವಿನ್ ಮಾಂಸವಿಟ್ಟ ಬೋನಿನಲ್ಲಿ ಸಿಕ್ಕಿಬಿತ್ತು. ಆಮೇಲೆ ಅದಕ್ಕೆ ರಾಝಾ ಎಂಬ ಹೆಸರೂ ಬಂತು. ನನಗೆ ಈ ಪ್ರಯೋಗ ಬಹಳ ಇಷ್ಟ. ಒಂಟಿ ಇಲಿಯನ್ನು ಹಿಡಿಯುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವುದೇ ಸುಲಭ ಎಂಬುದನ್ನು ಅಂದಾಜಿನಿಂದಲ್ಲ, ಮಾಡಿ ನೋಡಿ ತಿಳಿದುಕೊಂಡರು.

ಟಿರಿಟಿರಿಗೂ ಹತ್ತಿರದ ನೆಲಕ್ಕೂ ನಡುವೆ ಮೂರು ಕಿಲೋಮೀಟರಿಗೂ ಹೆಚ್ಚು ನೀರಿದೆ. ಅಷ್ಟು ದೂರ ಈಜುವುದು ಇಲಿಗೆ ಬಲು ಕಷ್ಟ. ಹಾಗಾಗಿ ಸಮುದ್ರವೇ ಈ ದ್ವೀಪದ ಕೋಟೆಗೋಡೆ, ದೋಣಿಗಳೇ ಅದರ ಬಾಗಿಲು. ಬಾಗಿಲಿನಲ್ಲಿ ಕಾವಲು ನಿಲ್ಲಬೇಕಾದವರು ಬಂದು ಹೋಗುವ ನಾವೇ. ಉಜ್ಜಿದ ಬೂಟಿನಿಂದ ಉದುರಿದ ಒಂದು ಬೀಜ, ಚೀಲದಿಂದ ಕೊಡವಿದ ಒಂದು ಇರುವೆ, ಇವೇ ಆ ಕಾವಲಿನ ಕೆಲಸ.

ದ್ವೀಪದ ಕಾಡನ್ನು ನೋಡಿದವರು ಇದು ಮೊದಲಿನಿಂದಲೂ ಹೀಗೇ ಇತ್ತು ಎಂದುಕೊಳ್ಳುತ್ತಾರೆ. ಹಾಗಲ್ಲ. ನೂರಕ್ಕೂ ಹೆಚ್ಚು ವರ್ಷ ಇಲ್ಲಿ ಕುರಿ-ದನ ಮೇಯಿಸಿದರು. ಕಾಡು ಉಳಿದದ್ದು ಕಣಿವೆಗಳ ಸಂದಿಯಲ್ಲಿ ಮಾತ್ರ, ಒಟ್ಟು ನೆಲದಲ್ಲಿ ನೂರಕ್ಕೆ ಆರು ಪಾಲಿನಷ್ಟು. 1971ರಲ್ಲಿ ಮೇಯಿಸುವುದು ನಿಂತಿತು. ಇನ್ನು ಕಾಡು ತಾನಾಗಿಯೇ ಬರುತ್ತದೆ ಎಂದು ಕಾದರು, ಬರಲಿಲ್ಲ. ಹುಲ್ಲು ಮತ್ತು ಜರೀಗಿಡಗಳು ಎಷ್ಟು ದಟ್ಟವಾಗಿದ್ದವೆಂದರೆ ಉದುರಿದ ಬೀಜಕ್ಕೆ ಮಣ್ಣೇ ಸಿಗುತ್ತಿರಲಿಲ್ಲ. ಸಿಕ್ಕ ಬೀಜವನ್ನು ಕಿಯೊರೆ ಎಂಬ ಇಲಿ ತಿನ್ನುತ್ತಿತ್ತು. ಶತಮಾನಗಳ ಹಿಂದೆ ಮಾವೊರಿ ಜನರ ಪೂರ್ವಿಕರ ದೋಣಿಗಳಲ್ಲಿ ನ್ಯೂಜಿಲೆಂಡಿಗೆ ಬಂದ ಇಲಿ ಅದು.

ಆಗ ಆಕ್ಲೆಂಡ್ ವಿಶ್ವವಿದ್ಯಾಲಯದ ಜಾನ್ ಕ್ರೇಗ್ ಮತ್ತು ನೀಲ್ ಮಿಚೆಲ್ ಒಂದು ಯೋಚನೆ ಮುಂದಿಟ್ಟರು: ಕಾಡನ್ನು ನೆಟ್ಟು ಬೆಳೆಸೋಣ, ಅದನ್ನು ಜನರೇ ನೆಡಲಿ. ಅಪರೂಪದ ಜೀವಿಗಳಿರುವ ದ್ವೀಪಗಳಿಗೆ ಸಾಮಾನ್ಯವಾಗಿ ಯಾರನ್ನೂ ಬಿಡುವುದಿಲ್ಲ. ಇಲ್ಲಿ ಮಾತ್ರ ಬನ್ನಿ, ನೋಡಿ, ಕೈ ಜೋಡಿಸಿ ಎಂದರು. ಧೈರ್ಯದ ನಿರ್ಧಾರ ಇದು, ಸರಿಯಾದದ್ದೂ ಹೌದು ಎಂದು ನನ್ನ ಅನಿಸಿಕೆ. ಬಾಗಿಲು ತೆರೆದಿಟ್ಟರೆ ಅಪಾಯವಿದೆ ನಿಜ, ಆದರೆ ತಾನೇ ನೆಟ್ಟ ಗಿಡವಿರುವ ಕಡೆಗೆ ಯಾರು ತಾನೆ ಇಲಿ ತಂದಾರು? ಅಲ್ಲಿನ ಕೊನೆಯ ದೀಪಸ್ತಂಭಪಾಲಕ ರೇ ವಾಲ್ಟರ್ ಸಸಿಗಳನ್ನು ಬೆಳೆಸುವ ಹೊಣೆ ಹೊತ್ತರು. ಉಳಿದಿದ್ದ ಹಳೆಯ ಮರಗಳಿಂದಲೇ ಬೀಜ ಆರಿಸಿ ತಂದರು. 1984ರಿಂದ ಹತ್ತು ವರ್ಷ, ಫೆರಿ ತುಂಬ ಬಂದ ಜನ, ಶಾಲೆಯ ಮಕ್ಕಳೂ ಸೇರಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟರು. ಇಡೀ ದ್ವೀಪವನ್ನು ಕಾಡು ಮಾಡಲಿಲ್ಲ. ಹುಲ್ಲು ಮೇಯುವ ಟಕಾಹೆಯಂಥವಕ್ಕೆಂದು ಬಯಲನ್ನೂ ಉಳಿಸಿದರು.

1993ರಲ್ಲಿ ಹೆಲಿಕಾಪ್ಟರಿನಿಂದ ವಿಷದ ಕಾಳು ಚೆಲ್ಲಿ ಕಿಯೊರೆ ಇಲಿಗಳನ್ನು ಪೂರ್ತಿ ತೆಗೆದರು. ಹೇಳಲು ಹಿತವಾದ ಮಾತಲ್ಲ ಇದು. ಒಂದು ಜೀವಿಯನ್ನು ಉಳಿಸಲು ಇನ್ನೊಂದನ್ನು ಕೊಲ್ಲಬೇಕಾದ ಕಷ್ಟ ಸಂರಕ್ಷಣೆಯ ಕೆಲಸದಲ್ಲಿ ನಿಜವಾಗಿಯೂ ಇದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಆಮೇಲೆ ನೆಲದ ತುಂಬ ಎಳೆಯ ಸಸಿಗಳು ಎದ್ದವು, ಹುಳುಹುಪ್ಪಟೆ ಹೆಚ್ಚಿದವು.

ಹುಳುವಿನ ಮಾತು ಬಂತು, ವೆಟಾಪುಂಗಾ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಮಿಡತೆಗಳ ಬಳಗದ, ರೆಕ್ಕೆಯಿಲ್ಲದ ದೈತ್ಯ ಕೀಟ ಅದು. ಬೆಳೆದ ಹೆಣ್ಣು 35 ಗ್ರಾಂ ತೂಗುತ್ತದೆ, ಗುಬ್ಬಚ್ಚಿಗಿಂತ ಹೆಚ್ಚು! ಹಗಲು ಅಡಗಿದ್ದು ರಾತ್ರಿ ಎಲೆ ತಿನ್ನುತ್ತದೆ. ಇಲಿಗಳಿಲ್ಲದ ನಾಡಿನಲ್ಲಿ ಇಲಿ ಮಾಡುವ ಎಷ್ಟೋ ಕೆಲಸಗಳನ್ನು ಈ ಬಳಗದ ಕೀಟಗಳು ಮಾಡಿಕೊಂಡು ಬಂದಿದ್ದವು. ಇಲಿಗಳು ಬಂದ ಮೇಲೆ ವೆಟಾಪುಂಗಾ ಹೌಟುರು ಎಂಬ ಒಂದೇ ದ್ವೀಪದಲ್ಲಿ ಉಳಿಯಿತು. 2011ರಲ್ಲಿ ಅದನ್ನು ಟಿರಿಟಿರಿಗೂ ತಂದು ಬಿಟ್ಟರು.

ಅದೇ ಹೌಟುರುವಿನಲ್ಲಿ ಮಾತ್ರ ಉಳಿದಿದ್ದ ಇನ್ನೊಂದು ಜೀವಿ ಹಿಹಿ ಎಂಬ ಪುಟ್ಟ ಹಕ್ಕಿ. ಗಂಡಿಗೆ ಕಪ್ಪು ತಲೆ, ಕಣ್ಣಿನ ಹಿಂದೆ ಬಿಳಿ ಗರಿಯ ಗೊಂಡೆ, ಭುಜದಲ್ಲಿ ಹಳದಿ. ಮಕರಂದ, ಹಣ್ಣು, ಹುಳು ಅದರ ಊಟ. 1995ರಲ್ಲಿ ಟಿರಿಟಿರಿಗೆ ತಂದಾಗ ಒಂದು ತೊಡಕು ಎದುರಾಯಿತು. ಹಿಹಿ ಗೂಡು ಕಟ್ಟುವುದು ಮರದ ಪೊಟರೆಯಲ್ಲಿ. ಪೊಟರೆ ಆಗಬೇಕಾದರೆ ಮರಕ್ಕೆ ವಯಸ್ಸಾಗಬೇಕು, ಕೊಂಬೆ ಮುರಿಯಬೇಕು, ಒಳಗೆ ಕೊಳೆಯಬೇಕು. ನೆಟ್ಟ ಕಾಡಿಗೆ ಆಗಿನ್ನೂ ಎಳೆಯ ವಯಸ್ಸು. ಮರಗಳನ್ನು ಹತ್ತು ವರ್ಷದಲ್ಲಿ ನೆಡಬಹುದು, ಹಳೆಯ ಮರವನ್ನು ನೆಡಲಾಗದು! ಅದಕ್ಕೇ ಕಾಡಿನೊಳಗೆ ಮರದ ಗೂಡುಪೆಟ್ಟಿಗೆಗಳನ್ನು ಕಟ್ಟಿದರು. ಎಲ್ಲ ಕಾಲಕ್ಕೂ ಸಾಕಾಗುವಷ್ಟು ಹೂವಿಲ್ಲವೆಂದು ಸಕ್ಕರೆ ನೀರನ್ನೂ ಇಡುತ್ತಾರೆ. ಟೂಯಿ ಎಂಬ ದೊಡ್ಡ ಹಕ್ಕಿ ಬಂದು ಎಲ್ಲವನ್ನೂ ಕುಡಿದುಬಿಡುತ್ತದಲ್ಲ? ನೀರಿನ ಸುತ್ತ ಜಾಲರಿ ಇದೆ. ಅದರ ಕಿಂಡಿ ಹಿಹಿ ನುಸುಳುವಷ್ಟು ಅಗಲ, ಟೂಯಿ ನುಸುಳದಷ್ಟು ಚಿಕ್ಕದು.

ಗೂಡುಪೆಟ್ಟಿಗೆಯಲ್ಲಿ ಮರಿಗಳು ಬೆಳೆಯುತ್ತಿದ್ದಂತೆ ಅವುಗಳ ಕಾಲಿಗೆ ಬಣ್ಣಬಣ್ಣದ ಚಿಕ್ಕ ಬಳೆ ತೊಡಿಸುತ್ತಾರೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಓದಿದರೆ ಇದು ಯಾವ ಹಕ್ಕಿ, ಯಾವ ಗೂಡಿನಲ್ಲಿ ಹುಟ್ಟಿದ್ದು ಎಂದು ತಿಳಿಯುತ್ತದೆ. ಹೀಗೆ ಗುರುತಿಟ್ಟ ಹಿಹಿಗಳಲ್ಲಿ ಕೆಲವು ಈಗ ದ್ವೀಪದಿಂದ ಹೊರಗೂ ಹೋಗಿವೆ. ರಾಜಧಾನಿ ವೆಲಿಂಗ್ಟನ್ನಿನ ಪಕ್ಕದಲ್ಲಿ ಝೀಲ್ಯಾಂಡಿಯಾ ಎಂಬ 225 ಹೆಕ್ಟೇರಿನ ಕಣಿವೆ ಇದೆ. ಅಲ್ಲಿ ಸುತ್ತಲೂ ಸಮುದ್ರವಿಲ್ಲ, ಆದ್ದರಿಂದ 8.6 ಕಿಲೋಮೀಟರ್ ಉದ್ದದ ಬೇಲಿ ಹಾಕಿದ್ದಾರೆ: ಇಲಿ ನುಸುಳದಷ್ಟು ಸಣ್ಣ ಜಾಲರಿ, ಹತ್ತಿ ಬಂದವು ಜಾರಿ ಬೀಳುವಂತೆ ಮೇಲೆ ಬಾಗಿದ ತಗಡು, ಬಿಲ ತೋಡಲಾಗದಂತೆ ಮಣ್ಣಿನೊಳಗೂ ಚಾಚಿದ ಜಾಲರಿ. 2005ರಲ್ಲಿ ಟಿರಿಟಿರಿಯ ಹಿಹಿಗಳನ್ನು ಅಲ್ಲಿಗೆ ಒಯ್ದು ಬಿಟ್ಟರು. ಅದೇ ವರ್ಷ ಅಲ್ಲಿಯೂ ಮರಿಗಳಾದವು.