ಸರಪಣಿಯಡಿ ಬಾಗಿದ ನ್ಯಾಯಮೂರ್ತಿ

ಹರ್ಮನ್ ಮೆಲ್ವಿಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ‘ಮೊಬಿ ಡಿಕ್’ ಕಾದಂಬರಿಯ ಬಿಳಿಯ ತಿಮಿಂಗಿಲ. ನಾನಿಂದು ಹೇಳಹೊರಟಿರುವುದು ಆತನ ಮಾವನ ಕಥೆಯನ್ನು. ಮೆಲ್ವಿಲ್ಲನ ಮೊದಲ ಪುಸ್ತಕ ‘ಟೈಪೀ’ ೧೮೪೬ರಲ್ಲಿ ಹೊರಬಂದಾಗ ಅದರ ಅರ್ಪಣೆಯ ಪುಟದಲ್ಲಿದ್ದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಷಾನ ಹೆಸರು. ಮರುವರ್ಷ ಷಾನ ಮಗಳು ಎಲಿಜಬೆತ್ ಮೆಲ್ವಿಲ್ಲನ ಮಡದಿಯಾದಳು.

ಷಾ ಹುಟ್ಟಿದ್ದು ೧೭೮೧ರಲ್ಲಿ, ಕಡಲತಡಿಯ ಬಾರ್ನ್‌ಸ್ಟಬಲ್ ಊರಿನ ಪಾದ್ರಿಯೊಬ್ಬನ ಮಗನಾಗಿ. ಹಾರ್ವರ್ಡಿನಲ್ಲಿ ಓದಿ, ಬಾಸ್ಟನ್ನಿನಲ್ಲಿ ವಕೀಲನಾಗಿ ಹೆಸರು ಗಳಿಸಿ, ೧೮೩೦ರಲ್ಲಿ ಮುಖ್ಯ ನ್ಯಾಯಮೂರ್ತಿಯ ಪೀಠವನ್ನೇರಿದ ಆತ ಮೂವತ್ತು ವರ್ಷ ಅಲ್ಲಿಯೇ ಕುಳಿತ. ಬೂಟು ತಯಾರಿಸುವ ಕೆಲಸಗಾರರು ಸಂಘ ಕಟ್ಟಿಕೊಂಡದ್ದು ಒಳಸಂಚೆಂದು ಮೊಕದ್ದಮೆ ಹೂಡಿದಾಗ, ಸಂಘ ಕಟ್ಟುವುದೇ ಅಪರಾಧವಾಗದೆಂದು ೧೮೪೨ರಲ್ಲಿ ತೀರ್ಪಿತ್ತವನು ಈತನೇ.

ಆದರೆ ಷಾನ ಬಾಳಿನ ತಿರುಳು ನನಗೆ ಕಂಡದ್ದು ಬೇರೆ ಎರಡು ಪ್ರಕರಣಗಳಲ್ಲಿ. ೧೮೩೬ರಲ್ಲಿ ನ್ಯೂ ಆರ್ಲಿಯನ್ಸಿನ ಒಡತಿಯೊಬ್ಬಳು ಮೆಡ್ ಎಂಬ ಆರು ವರ್ಷದ ಗುಲಾಮ ಹುಡುಗಿಯನ್ನು ಬಾಸ್ಟನ್ನಿಗೆ ಕರೆತಂದಿದ್ದಳು. ಗುಲಾಮಗಿರಿ ಸಹಜ ಹಕ್ಕಿಗೆ ವಿರುದ್ಧವಾದದ್ದು. ಒಡೆಯರು ತಾವಾಗಿ ಕರೆತಂದವರನ್ನು ಈ ನೆಲದಲ್ಲಿ ಬಲಾತ್ಕಾರದಿಂದ ಹಿಡಿದಿಡಲಾಗದು ಎಂದು ಷಾ ಸಾರಿದ. ಹುಡುಗಿ ಸ್ವತಂತ್ರಳಾದಳು. ಅದೇ ತೀರ್ಪಿನಲ್ಲಿ ಒಂದು ವಿನಾಯಿತಿಯೂ ಇತ್ತು: ತಪ್ಪಿಸಿಕೊಂಡು ಬಂದ ಗುಲಾಮರಿಗೆ ಈ ಮಾತು ಅನ್ವಯಿಸದು, ಅವರನ್ನು ಒಡೆಯರಿಗೆ ಒಪ್ಪಿಸಬೇಕೆಂದು ದೇಶದ ಸಂವಿಧಾನವೇ ವಿಧಿಸಿತ್ತು.

ಹದಿನೈದು ವರ್ಷಗಳ ಬಳಿಕ ಆ ವಿನಾಯಿತಿ ಮನುಷ್ಯರೂಪ ತಳೆದು ಆತನ ಮುಂದೆ ಬಂದು ನಿಂತಿತು. ಜಾರ್ಜಿಯಾದಿಂದ ಓಡಿಬಂದಿದ್ದ ಥಾಮಸ್ ಸಿಮ್ಸ್ ಎಂಬ ತರುಣ ೧೮೫೧ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನಲ್ಲಿ ಸೆರೆಸಿಕ್ಕ. ಜನ ನುಗ್ಗಿ ಬಿಡಿಸಿಯಾರೆಂಬ ಭಯದಿಂದ ಅಧಿಕಾರಿಗಳು ನ್ಯಾಯಾಲಯದ ಸುತ್ತ ಕಬ್ಬಿಣದ ಸರಪಣಿ ಬಿಗಿದರು. ಮುಖ್ಯ ನ್ಯಾಯಮೂರ್ತಿಯೂ ಬೆನ್ನು ಬಾಗಿಸಿ ಸರಪಣಿಯಡಿ ನುಸುಳಿ ಒಳಹೋಗಬೇಕಾಯಿತು. ಸಿಮ್ಸನ ಪರವಾದ ಹೇಬಿಯಸ್ ಕಾರ್ಪಸ್ ಬಿನ್ನಹವನ್ನು ಷಾ ತಳ್ಳಿಹಾಕಿದ. ಬೆಳಗಿನ ಜಾವ ಕಾವಲಿನ ನಡುವೆ ಸಿಮ್ಸನನ್ನು ಹಡಗು ಹತ್ತಿಸಿದರು. ಸವಾನ್ನಾ ನಗರದಲ್ಲಿ ಅವನಿಗಾಗಿ ಚಾವಟಿ ಕಾದಿತ್ತು.

ಮೆಲ್ವಿಲ್ ೧೮೯೧ರಲ್ಲಿ ತೀರಿಕೊಂಡಾಗ ‘ಬಿಲ್ಲಿ ಬಡ್’ ಎಂಬ ಕಥೆಯ ಹಸ್ತಪ್ರತಿ ಉಳಿದಿತ್ತು, ಅಚ್ಚಾದದ್ದು ೧೯೨೪ರಲ್ಲಿ. ಅದರಲ್ಲಿ ಹಡಗಿನ ಕಪ್ತಾನ ವಿಯರ್, ಮನಸ್ಸಿನಲ್ಲಿ ನಿರ್ದೋಷಿಯೆಂದು ಬಲ್ಲ ನಾವಿಕನನ್ನೇ ಶಾಸನಕ್ಕೆ ತಲೆಬಾಗಿ ಗಲ್ಲಿಗೇರಿಸುತ್ತಾನೆ. ವಿಯರನಲ್ಲಿ ಷಾನ ನೆರಳನ್ನು ಕಂಡ ವಿದ್ವಾಂಸರಿದ್ದಾರೆ. ಅಳಿಯ ಮಾವನನ್ನು ಅಲ್ಲಿ ಕ್ಷಮಿಸಿದನೋ, ಪ್ರಶ್ನಿಸಿದನೋ? ಆ ಕಥೆಯನ್ನು ಓದಿದಾಗಲೆಲ್ಲ ನನ್ನ ಉತ್ತರ ಬದಲಾಗಿದೆ.

ಷಾನನ್ನು ಕ್ರೂರಿಯೆನ್ನಲು ನನಗೆ ನಾಲಗೆ ಬಾರದು. ಮೆಡ್‌ಳನ್ನು ಬಿಡಿಸಿದ್ದೂ ಸಿಮ್ಸನನ್ನು ಬಿಟ್ಟುಕೊಟ್ಟದ್ದೂ ಒಂದೇ ಶಾಸನನಿಷ್ಠೆ. ನನ್ನನ್ನು ಕಳವಳಗೊಳಿಸುವುದು ಅದೇ. ಷಾ ೧೮೬೧ರಲ್ಲಿ ನಿಧನನಾದ. ಅಂತರ್ಯುದ್ಧದ ನಡುವೆ, ೧೮೬೩ರಲ್ಲಿ, ಸಿಮ್ಸ್ ಮತ್ತೊಮ್ಮೆ ತಪ್ಪಿಸಿಕೊಂಡು ಬಾಸ್ಟನ್ನಿಗೆ ಬಂದ. ಈ ಸಲ ಅವನನ್ನು ಹಿಂದಕ್ಕೆ ಕಳುಹಿಸುವವರು ಯಾರೂ ಇರಲಿಲ್ಲ.